ಒಂದು ದೋಣಿ, ಇಬ್ಬರು ಪಾಲುದಾರರು

ಈ ದಸರಾ ರಜೆಯಲ್ಲಿ ನಾನೂ ನನ್ನ ಗೆಳೆಯನೂ ಅಮೆರಿಕದ ಅಲಗಾಶ್ ನದಿಯಲ್ಲಿ 92 ಮೈಲಿ ದೋಣಿ ಪ್ರಯಾಣ ಮಾಡಿದೆವು. ಕಾಗದದ ಮೇಲೆ. ಇಬ್ಬರ ಹತ್ತಿರವೂ ಪಾಸ್‌ಪೋರ್ಟ್ ಇಲ್ಲ, ದೋಣಿ ಇಲ್ಲ, ನನಗಂತೂ ಈಜು ಸಹ ಬರುವುದಿಲ್ಲ. ಇದ್ದದ್ದು ಅರ್ಧ ಖಾಲಿಯಾದ ಒಂದು ಲೆಡ್ಜರ್ ಪುಸ್ತಕ, ಒಂದು ಪೆನ್ಸಿಲು ಮತ್ತು ಲೈಬ್ರರಿಯಿಂದ ತಂದ ಹೆನ್ರಿ ಡೇವಿಡ್ ಥೋರೋ ಅವರ ‘ದಿ ಮೇನ್ ವುಡ್ಸ್’ ಎಂಬ ಇಂಗ್ಲಿಷ್ ಪುಸ್ತಕ. ಇಂಗ್ಲಿಷ್ ಸುಧಾರಿಸಲಿ ಎಂದು ತಂದಿದ್ದೆ, ಹತ್ತು ಪುಟ ಓದಿ ವಾಪಸ್ ಕೊಡುವ ಉದ್ದೇಶವಿತ್ತು. ಕೊನೆಯ ಪುಟಗಳಲ್ಲಿ ಪ್ರಯಾಣದ ಸಾಮಾನುಗಳ ಪಟ್ಟಿಯೊಂದು ಕಂಡಿತು. ಕಾಮರ್ಸ್ ಓದುವವರಿಗೆ ಪಟ್ಟಿ ಕಂಡರೆ ಕೂಡಿಸಿ ನೋಡುವ ಚಟ. ಅಲ್ಲಿಂದ ಎಲ್ಲವೂ ಶುರುವಾಯಿತು.

ಇಬ್ಬರು ಗೆಳೆಯರು ಒಂದೇ ದೋಣಿಯಲ್ಲಿ ಹತ್ತು ದಿನ ಮೀನು ಹಿಡಿಯುತ್ತಾ ಹೋಗಬೇಕಾದರೆ ಏನೆಲ್ಲ ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಕಾಮರ್ಸ್ ವಿದ್ಯಾರ್ಥಿಗೆ ಮೀನಿನ ಗೊಡವೆ ಏಕೆ ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಇದರಲ್ಲಿ ಮೀನಿಗಿಂತ ನಮ್ಮ ಅಕೌಂಟೆನ್ಸಿಯೇ ಹೆಚ್ಚು ಇದೆ ಎನ್ನುವುದು ನನ್ನ ಉತ್ತರ.

ಮೊದಲು ಜಾಗ. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು ಮೇನ್ ಎಂಬ ರಾಜ್ಯವಿದೆ. ಅದರ ಉತ್ತರ ಭಾಗದಲ್ಲಿ ಊರುಗಳು ಬಹಳ ಕಡಿಮೆ, ಕಾಡು ಮತ್ತು ಸರೋವರಗಳೇ ಹೆಚ್ಚು. ಅಲ್ಲಿನ ಅಲಗಾಶ್ ಜಲಮಾರ್ಗವನ್ನು ಉಳಿಸಿಕೊಳ್ಳಲು ರಾಜ್ಯದ ಜನ 1966ರಲ್ಲಿ ಮತ ಹಾಕಿ ಹಣ ಒದಗಿಸಿದರು. 1970ರಲ್ಲಿ ಅದು ಅಮೆರಿಕದ ಸಂರಕ್ಷಿತ ನದಿಗಳ ಪಟ್ಟಿಗೆ ಸೇರಿತು. ಆ ಪಟ್ಟಿಯಲ್ಲಿ ರಾಜ್ಯ ಸರ್ಕಾರವೊಂದು ನೋಡಿಕೊಳ್ಳುವ ಮೊದಲ ನದಿ ಅದೇ. ದಕ್ಷಿಣದಲ್ಲಿ ಟೆಲೋಸ್ ಮತ್ತು ಚೇಂಬರ್ಲೇನ್ ಸರೋವರಗಳಿಂದ ಹೊರಟರೆ ಈಗಲ್ ಸರೋವರ, ಚರ್ಚಿಲ್ ಸರೋವರ, ಆಮೇಲೆ ಹರಿಯುವ ನದಿ, ಮತ್ತೆ ಅಮ್ಸಾಸ್ಕಿಸ್ ಮತ್ತು ಲಾಂಗ್ ಸರೋವರಗಳು, ಕೊನೆಗೆ 40 ಅಡಿಯ ಅಲಗಾಶ್ ಜಲಪಾತ. ಅದನ್ನು ದಾಟಿ ಮುಂದೆ ಹೋದರೆ ಅಲಗಾಶ್ ಎಂಬ ಸಣ್ಣ ಹಳ್ಳಿಯ ಹತ್ತಿರ ನದಿ ಸೇಂಟ್ ಜಾನ್ ನದಿಯನ್ನು ಸೇರುತ್ತದೆ. ನೀರು ಉತ್ತರಕ್ಕೆ ಹರಿಯುತ್ತದೆ ಎಂಬುದು ನಕ್ಷೆ ನೋಡುವಾಗ ನಮ್ಮನ್ನು ಸುಮಾರು ಹೊತ್ತು ಗೊಂದಲಕ್ಕೆ ದೂಡಿತು. ನದಿ ಎಂದರೆ ಕೆಳಗೆ ಹರಿಯಬೇಕು, ನಕ್ಷೆಯಲ್ಲಿ ‘ಕೆಳಗೆ’ ಎಂದರೆ ದಕ್ಷಿಣ ಎಂದು ತಲೆಯಲ್ಲಿ ಕುಳಿತಿತ್ತು.

ಉತ್ತರಕ್ಕೆ ಹರಿಯುವುದು ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ಸಮಸ್ಯೆಯಾಗಿತ್ತು. ಮರದ ದಿಮ್ಮಿಗಳನ್ನು ನೀರಿನಲ್ಲಿ ತೇಲಿಸಿ ಸಾಗಿಸುತ್ತಿದ್ದ ಕಾಲ ಅದು. ನೀರು ಕೆನಡಾದ ಕಡೆ ಹೋದರೆ ದಿಮ್ಮಿಯೂ ಆ ಕಡೆಗೇ ಹೋಗುತ್ತದೆ. ಅದಕ್ಕಾಗಿ 1840ರ ದಶಕದ ಆರಂಭದಲ್ಲಿ ಅಣೆಕಟ್ಟು ಕಟ್ಟಿ, ಟೆಲೋಸ್ ಹತ್ತಿರ ಕಾಲುವೆ ತೋಡಿ, ಚೇಂಬರ್ಲೇನ್ ಸರೋವರದ ನೀರನ್ನೇ ದಕ್ಷಿಣಕ್ಕೆ, ಬ್ಯಾಂಗೋರ್ ಪಟ್ಟಣದ ಮಿಲ್ಲುಗಳ ಕಡೆಗೆ ತಿರುಗಿಸಿದರು. ಆಮೇಲೆ ಕಾಲುವೆ ಇದ್ದ ಜಮೀನನ್ನು ಕೊಂಡವನು ಅದರಲ್ಲಿ ಹೋಗುವ ದಿಮ್ಮಿಗಳಿಗೆ ಸುಂಕ ಕೇಳಿದ. ಮರದ ವ್ಯಾಪಾರಿಗಳು ಕೊಡುವುದಿಲ್ಲ ಎಂದರು. ಜಗಳ ಎಷ್ಟು ಬೆಳೆಯಿತೆಂದರೆ ಅದಕ್ಕೆ ‘ಟೆಲೋಸ್ ಯುದ್ಧ’ ಎಂಬ ಹೆಸರೇ ಬಂತು, ಕೊನೆಗೆ ರಾಜ್ಯದ ಶಾಸನಸಭೆಯೇ ನಡುವೆ ಬರಬೇಕಾಯಿತು. ಒಬ್ಬರ ಜಮೀನು, ಇನ್ನೊಬ್ಬರ ಮಾಲು, ಇಬ್ಬರ ನಡುವೆ ಮೊದಲೇ ಮಾಡಿಕೊಂಡ ಒಪ್ಪಂದವಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಮೀನು ಹಿಡಿಯುವ ವಿಧಾನ. ನಮ್ಮ ಕೆರೆಗಳಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ, ಭಾರಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಎಸೆಯುತ್ತಾರೆ. ಭಾರವಾದ ಗುಂಡು ಹಗುರವಾದ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುಗುಮುರುಗು. ಕೊಕ್ಕೆಯ ಮೇಲೆ ರೇಷ್ಮೆ ದಾರ, ಹಕ್ಕಿಯ ಗರಿ, ಪ್ರಾಣಿಯ ಕೂದಲು ಸುತ್ತಿ ನೊಣದಂತೆಯೋ ಸಣ್ಣ ಮೀನಿನಂತೆಯೋ ಕಾಣುವ ಒಂದು ವಸ್ತು ಮಾಡುತ್ತಾರೆ. ಅದೇ ‘ಫ್ಲೈ’. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬಳಿಯೇ ಬೀಳುತ್ತದೆ. ಆದ್ದರಿಂದ ತೂಕವನ್ನು ದಾರದಲ್ಲಿ ಇಟ್ಟಿದ್ದಾರೆ. ಸುಮಾರು 9 ಅಡಿಯ ಬಳುಕುವ ಕೋಲಿನಿಂದ ದಾರವನ್ನು ಮೊದಲು ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ನೇರವಾಗುವವರೆಗೆ ಒಂದು ಕ್ಷಣ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಕೋಲುಗಳಿಗೆ 5, 6 ಎಂದು ಸಂಖ್ಯೆಗಳಿರುತ್ತವೆ. ಆ ಸಂಖ್ಯೆ ಅದಕ್ಕೆ ಹೊಂದುವ ದಾರದ ತೂಕವನ್ನು ಹೇಳುತ್ತದೆ. 5ನೇ ಸಂಖ್ಯೆಯ ದಾರದ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಬೇಕು. ಒಂಬತ್ತು ಗ್ರಾಂ ತೂಕವನ್ನು ನಂಬಿ ಜನ ಸಾವಿರಾರು ಮೈಲಿ ಪ್ರಯಾಣ ಮಾಡುತ್ತಾರೆ ಎಂದಾಗ ನನ್ನ ಅಬ್ಬಾ ನಕ್ಕುಬಿಟ್ಟರು.

ಅಲ್ಲಿ ಎಲ್ಲರಿಗೂ ಬೇಕಾದ ಮೀನು ಬ್ರೂಕ್ ಟ್ರೌಟ್. ಬೆನ್ನಿನ ಮೇಲೆ ಹುಳು ಹರಿದಂಥ ಗೆರೆಗಳು, ಪಕ್ಕದಲ್ಲಿ ನೀಲಿ ವೃತ್ತದೊಳಗಿನ ಕೆಂಪು ಚುಕ್ಕೆಗಳು, ರೆಕ್ಕೆಗಳ ಅಂಚಿನಲ್ಲಿ ಬಿಳಿ ಪಟ್ಟಿ. ಅದಕ್ಕೆ ತಂಪಾದ, ಶುದ್ಧವಾದ ನೀರೇ ಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟಪಡುತ್ತದೆ, ಬೇಸಿಗೆ ಏರಿದಂತೆ ತಣ್ಣನೆಯ ತೊರೆಗಳು ಬಂದು ಸೇರುವ ಬಾಯಿಗಳಿಗೆ ಸರಿದುಕೊಳ್ಳುತ್ತದೆ. ಹಾಗಾಗಿ ಯಾವ ತಿಂಗಳಲ್ಲಿ ಹೋಗಬೇಕು ಎಂಬುದನ್ನು ಪ್ರಯಾಣಿಕರಿಗಿಂತ ಮೊದಲು ಮೀನೇ ತೀರ್ಮಾನಿಸುತ್ತದೆ. ಮೇ ತಿಂಗಳಲ್ಲಿ ಸರೋವರಗಳ ಮೇಲಿನ ಮಂಜುಗಡ್ಡೆ ಕರಗುತ್ತದೆ. ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಮೀನು ಚೆನ್ನಾಗಿ ಸಿಗುತ್ತದೆ. ತೊಂದರೆ ಏನೆಂದರೆ ‘ಬ್ಲ್ಯಾಕ್ ಫ್ಲೈ’ ಎಂಬ ಕಚ್ಚುವ ಕಪ್ಪು ನೊಣಗಳ ಕಾಲವೂ ಅದೇ. ಅವೂ ಶುದ್ಧವಾಗಿ ಹರಿಯುವ ನೀರಿನಲ್ಲೇ ಬೆಳೆಯುತ್ತವೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಹೋದರೆ ನೊಣವೂ ಕಡಿಮೆ, ಮೀನೂ ಕಡಿಮೆ. ಎಕನಾಮಿಕ್ಸ್ ಲೆಕ್ಚರರ್ ಆಪರ್ಚುನಿಟಿ ಕಾಸ್ಟ್‌ಗೆ ಯಾವಾಗಲೂ ಗೋಧಿ ಮತ್ತು ಭತ್ತದ ಉದಾಹರಣೆಯನ್ನೇ ಕೊಡುತ್ತಾರೆ, ಇದನ್ನೂ ಕೊಡಬಹುದು. ನಾವು ಜೂನ್ ಎರಡನೇ ವಾರ ಎಂದು ಬರೆದು, ಖರ್ಚಿನ ಕಡೆ ತಲೆಗೆ ಹಾಕುವ ಎರಡು ಬಲೆಗಳನ್ನು ಸೇರಿಸಿದೆವು.

ಮೇನ್ ರಾಜ್ಯದ ಬಗ್ಗೆ ಹೇಳುವಾಗ ಕ್ಯಾರಿ ಸ್ಟೀವನ್ಸ್ ಅವರನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಅಲಗಾಶ್‌ಗೆ ಅಲ್ಲ, ರಾಜ್ಯದ ಪಶ್ಚಿಮದ ರೇಂಜ್ಲಿ ಸರೋವರಗಳ ಕಡೆಗೆ ಸೇರಿದವರು. ಅವರ ಗಂಡ ಪ್ರವಾಸಿಗರಿಗೆ ಮೀನು ಹಿಡಿಸುವ ಗೈಡ್. ಆಕೆಗೆ ಹೆಂಗಸರ ಟೋಪಿಗಳಿಗೆ ಗರಿ ಕಟ್ಟುವ ಕೆಲಸ ಗೊತ್ತಿತ್ತು. 1924ರ ಜುಲೈ 1ರಂದು ಮನೆಕೆಲಸ ಬದಿಗಿಟ್ಟು ಸಣ್ಣ ಮೀನಿನಂತೆ ಕಾಣುವ ಒಂದು ಫ್ಲೈ ಕಟ್ಟಿ, ಹತ್ತಿರದ ಅಣೆಕಟ್ಟಿಗೆ ಹೋಗಿ 6 ಪೌಂಡ್ 13 ಔನ್ಸ್ ತೂಕದ ಬ್ರೂಕ್ ಟ್ರೌಟ್ ಹಿಡಿದರು. ಅಂದರೆ 3 ಕಿಲೋಗೂ ಹೆಚ್ಚು. ‘ಫೀಲ್ಡ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸ್ಪರ್ಧೆಯಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಮುಂದೆ ಎಲ್ಲ ಕಡೆಯಿಂದ ಆರ್ಡರ್‌ಗಳು ಬಂದು ಅದೇ ಅವರ ಉದ್ಯೋಗವಾಯಿತು. ಅವರು ಕಟ್ಟಿದ ‘ಗ್ರೇ ಘೋಸ್ಟ್’ ಎಂಬ ಫ್ಲೈ ಇಂದಿಗೂ ಪ್ರಸಿದ್ಧ. ಎಲ್ಲರೂ ಕೊಕ್ಕೆ ಹಿಡಿಯಲು ಸಣ್ಣ ಇಕ್ಕಳದ ಯಂತ್ರ ಬಳಸಿದರೆ ಅವರು ಬರೀ ಬೆರಳಿನಲ್ಲಿ ಹಿಡಿದು ಕಟ್ಟುತ್ತಿದ್ದರು. ಜರ್ದೋಸಿ ಕೆಲಸ ಮಾಡುವ ನನ್ನ ಖಾಲಾ ಈ ಕಥೆ ಕೇಳಿ, ಅದರಲ್ಲಿ ಆಶ್ಚರ್ಯವೇನಿದೆ ಎಂದರು.

ಈಗ ದಿನಗಳ ಲೆಕ್ಕ. 92 ಮೈಲಿ ಎಂದರೆ 148 ಕಿಲೋಮೀಟರ್. ದಿನಕ್ಕೆ 10ರಿಂದ 15 ಮೈಲಿ ಹುಟ್ಟು ಹಾಕಬಹುದು, ಮೀನು ಹಿಡಿಯುತ್ತಾ ಹೋಗುವವರಿಗೆ ಅಷ್ಟಾಗುವುದಿಲ್ಲ. ಗೆಳೆಯ ಮೊದಲು 7 ದಿನ ಎಂದು ಬರೆದ. ಆಮೇಲೆ ಗಾಳಿಯ ವಿಷಯ ಓದಿದೆವು. ಕನೂ ಎಂಬುದು ಉದ್ದನೆಯ, ಕಿರಿದಾದ, ಬದಿಗಳು ತಗ್ಗಾದ ದೋಣಿ. ನಮ್ಮ ದುಂಡನೆಯ ಹರಿಗೋಲಿನಂತೆ ಬುಗುರಿಯಾಗಿ ತಿರುಗುವುದಿಲ್ಲ, ನೇರವಾಗಿ ಸಾಗುತ್ತದೆ, ಆದರೆ ದೊಡ್ಡ ಸರೋವರದ ಅಲೆಗೆ ಬೇಗ ನೀರು ತುಂಬಿಕೊಳ್ಳುತ್ತದೆ. ಚೇಂಬರ್ಲೇನ್‌ನಂಥ ಸರೋವರಗಳಲ್ಲಿ ಹೊತ್ತು ಏರಿದಂತೆ ಗಾಳಿ ಎದ್ದರೆ ದಡದಲ್ಲಿ ಕುಳಿತು ಕಾಯುವುದೇ ಗತಿ. ಕೆಲವರು ಒಂದಿಡೀ ದಿನ ಹಾಗೆ ಕುಳಿತದ್ದುಂಟು. ಅದಕ್ಕಾಗಿ ಅನುಭವಿಗಳು ಬೆಳಕು ಹರಿಯುವ ಮೊದಲೇ ಎದ್ದು, ನೀರು ಕನ್ನಡಿಯಂತೆ ಇರುವಾಗಲೇ, ದಡಕ್ಕೆ ಹತ್ತಿರವಾಗಿ ಸರೋವರ ದಾಟುತ್ತಾರೆ. ಜೂನ್‌ನಲ್ಲಿ ಅಲ್ಲಿ ಬೆಳಗ್ಗೆ 5 ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಫಜರ್ ನಮಾಜಿಗೆ ಎದ್ದವರು ಮತ್ತೆ ಮಲಗದೆ ಇದ್ದರೆ ಸಾಕು, ಆ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಅಂದಹಾಗೆ ಅಲ್ಲಿಂದ ಕಿಬ್ಲಾ ಈಶಾನ್ಯ ದಿಕ್ಕಿಗೆ. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಆ ಕಡೆಗೇ. ದಿಕ್ಸೂಚಿಯನ್ನು ನಾವು ಎರಡು ಖಾತೆಗೂ ಬರೆದೆವು.

ಕೊನೆಗೆ 8 ದಿನ ಹುಟ್ಟು ಹಾಕುವುದಕ್ಕೆ, 2 ದಿನ ಗಾಳಿಗೆ ಎಂದು ತೀರ್ಮಾನವಾಯಿತು. ದಿನಕ್ಕೆ ಹನ್ನೊಂದೂವರೆ ಮೈಲಿ. ಊಟ ಮಾತ್ರ 11 ದಿನಕ್ಕೆ. ನೋಡಿ, ಇದು ನಮ್ಮ ಪುಸ್ತಕದ ಪ್ರುಡೆನ್ಸ್ ತತ್ವ. ಬರಬಹುದಾದ ನಷ್ಟಕ್ಕೆಲ್ಲ ಮೊದಲೇ ಏರ್ಪಾಡು ಮಾಡಬೇಕು, ಬರಬಹುದಾದ ಲಾಭವನ್ನು ಕೈಗೆ ಬರುವ ತನಕ ಬರೆಯಬಾರದು. ಮೀನು ಹಿಡಿಯಲು ಹೋಗುವವರು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲೇ. ದಿನಕ್ಕೆರಡು ಮೀನು ಸಿಗುತ್ತದೆ, ರಾತ್ರಿ ಅದನ್ನೇ ಹುರಿದರಾಯಿತು ಎಂದು ಊಟ ಕಡಿಮೆ ಕಟ್ಟುತ್ತಾರೆ. ಮೀನು ಸಿಗದಿರಬಹುದು. ಸಿಕ್ಕಿದರೂ ಆ ಜಾಗದ ನಿಯಮ ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಎಂದು ಹೇಳುತ್ತದೆ, ಉಳಿದದ್ದನ್ನು ಬಿಡಬೇಕು. ಮೀನು ಹಿಡಿಯಲು ಲೈಸೆನ್ಸ್ ಬೇಕು. ರಾಜ್ಯದ ಕೆಲವು ನೀರುಗಳಲ್ಲಿ ಹುಳು ಹಾಕುವಂತಿಲ್ಲ, ಫ್ಲೈ ಮಾತ್ರ. ಹಾಗಾಗಿ ನಮ್ಮ ಲೆಡ್ಜರ್‌ನ ಊಟದ ಪುಟದಲ್ಲಿ ಮೀನಿನ ಮುಂದೆ ಸೊನ್ನೆ ಇದೆ.

ಥೋರೋ ಅವರ ಪಟ್ಟಿ ಇಲ್ಲಿ ಉಪಯೋಗಕ್ಕೆ ಬಂತು. 1857ರ ಬೇಸಿಗೆಯಲ್ಲಿ ಅವರು ಎಡ್ವರ್ಡ್ ಹೋರ್ ಎಂಬ ಗೆಳೆಯನ ಜೊತೆ, ಪೆನಾಬ್‌ಸ್ಕಾಟ್ ಬುಡಕಟ್ಟಿನ ಜೋ ಪೋಲಿಸ್ ಅವರ ಮಾರ್ಗದರ್ಶನದಲ್ಲಿ, ಬರ್ಚ್ ಮರದ ತೊಗಟೆಯ ಕನೂದಲ್ಲಿ ಈ ಕಡೆಗೆ ಬಂದಿದ್ದರು. ಪೂರ್ತಿ ನದಿ ಇಳಿಯಲಿಲ್ಲ, ಚೇಂಬರ್ಲೇನ್, ಈಗಲ್ ಸರೋವರಗಳವರೆಗೆ ಬಂದು, ಟೆಲೋಸ್ ಕಾಲುವೆಯ ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದರು. ಪುಸ್ತಕ ಬಂದದ್ದು ಅವರು ತೀರಿಕೊಂಡ ಮೇಲೆ, 1864ರಲ್ಲಿ. ಮೂವರು 12 ದಿನ ಕಾಡಿನಲ್ಲಿರಲು ಏನು ಬೇಕು ಎಂಬ ಪಟ್ಟಿಯಲ್ಲಿ ಗಟ್ಟಿ ಬ್ರೆಡ್ 28 ಪೌಂಡ್, ಹಂದಿ ಮಾಂಸ 16 ಪೌಂಡ್, ಸಕ್ಕರೆ 12 ಪೌಂಡ್ ಎಂದಿದೆ. ಕೂಡಿಸಿದರೆ 56 ಪೌಂಡ್, ಸುಮಾರು 25 ಕಿಲೋ. ಮೂವರು, 12 ದಿನ, ಅಂದರೆ 36 ಆಳು-ದಿನ. ತಲೆಗೆ ದಿನಕ್ಕೆ 700 ಗ್ರಾಂ. ಈಗಿನವರು ಕನೂ ಪ್ರಯಾಣಕ್ಕೆ ಒಣ ಆಹಾರ ಕಟ್ಟುವಾಗ ಹಾಕುವ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ, 700ರಿಂದ 900 ಗ್ರಾಂ. ನೂರಾ ಅರವತ್ತು ವರ್ಷ ಕಳೆದರೂ ಹೊಟ್ಟೆ ಬದಲಾಗಿಲ್ಲ.

ಹಂದಿ ಮಾಂಸದ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆವು. ಹೊಡೆದು ಹಾಕುವುದು ಸುಲಭ, ಅದರ ಜಾಗಕ್ಕೆ ಏನು ಎಂಬುದೇ ಪ್ರಶ್ನೆ. ಅವರು ಅದನ್ನು ಒಯ್ದದ್ದು ಕೊಬ್ಬಿಗಾಗಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಒಂದು ಗ್ರಾಂ ಹಿಟ್ಟಿನಲ್ಲೋ ಸಕ್ಕರೆಯಲ್ಲೋ 4. ಇಡೀ ದಿನ ಹುಟ್ಟು ಹಾಕುವವನಿಗೆ 3,000ಕ್ಕೂ ಹೆಚ್ಚು ಕ್ಯಾಲರಿ ಬೇಕು, ಅದನ್ನೆಲ್ಲ ಅಕ್ಕಿಯಿಂದಲೇ ತುಂಬಿಸಿದರೆ ದೋಣಿ ಮುಳುಗುತ್ತದೆ. ಹಾಗಾಗಿ ತುಪ್ಪ, ಕಡಲೆಕಾಯಿ ಬೀಜ, ಬಾದಾಮಿ, ಖರ್ಜೂರ, ಹುರಿಗಡಲೆ ಹಿಟ್ಟು. ಅಮ್ಮಿ ಒಣ ಸೇವಿಗೆ ಸೇರಿಸಲು ಹೇಳಿದರು, ಅದಕ್ಕೆ ತೂಕ ಕಡಿಮೆ, ಬೇಗ ಬೇಯುತ್ತದೆ. ತಲೆಗೆ 750 ಗ್ರಾಂನಂತೆ ಇಬ್ಬರಿಗೆ 11 ದಿನಕ್ಕೆ ಹದಿನಾರೂವರೆ ಕಿಲೋ ಬಂತು. ಮೀನು ಸಿಕ್ಕಿದರೆ ಅದಕ್ಕೆ ಜಬಹ್ ಮಾಡುವ ಪ್ರಶ್ನೆ ಇಲ್ಲ, ಆ ಒಂದು ವಿಷಯದಲ್ಲಿ ನಿಶ್ಚಿಂತೆ. ಥೋರೋ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು 6 ನಿಂಬೆಹಣ್ಣು. ಅವನ್ನು ಹಾಗೇ ಇಟ್ಟುಕೊಂಡೆವು. ನಿಂಬೆಹಣ್ಣಿನ ವಿಷಯ ನಮ್ಮಿಬ್ಬರ ನಡುವೆ ಸ್ವಲ್ಪ ಸೂಕ್ಷ್ಮ, ಅದನ್ನೂ ಹೇಳುತ್ತೇನೆ.

ತೂಕ ಏಕೆ ಇಷ್ಟು ಮುಖ್ಯ ಎಂದರೆ ಎಲ್ಲ ಕಡೆಯೂ ದೋಣಿ ನಿಮ್ಮನ್ನು ಹೊರುವುದಿಲ್ಲ, ಕೆಲವು ಕಡೆ ನೀವು ದೋಣಿಯನ್ನು ಹೊರಬೇಕು. ಅಣೆಕಟ್ಟಿನ ಹತ್ತಿರ, ಜಲಪಾತದ ಹತ್ತಿರ ಎಲ್ಲ ಇಳಿಸಿ, ಹೆಗಲ ಮೇಲೆ ಹೊತ್ತು ಕಾಲುದಾರಿಯಲ್ಲಿ ನಡೆದು, ಮತ್ತೆ ನೀರಿಗೆ ಹಾಕಬೇಕು. ಇದಕ್ಕೆ ಪೋರ್ಟೇಜ್ ಎನ್ನುತ್ತಾರೆ. 17 ಅಡಿಯ ಸಾಮಾನ್ಯ ಕನೂ 30 ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ಒಬ್ಬ ತಲೆಕೆಳಗಾಗಿ ಭುಜದ ಮೇಲೆ ಹೊರುತ್ತಾನೆ, ಇನ್ನೊಬ್ಬ ಚೀಲಗಳನ್ನು. ಯಾರು ಯಾವುದನ್ನು ಎಂಬುದು ಕಾಗದದ ಮೇಲೆ ಚಿಕ್ಕ ವಿಷಯ. ಐದನೇ ದಿನ, ಮಳೆಯಲ್ಲಿ, ಕಪ್ಪು ನೊಣಗಳ ನಡುವೆ ಅದು ಚಿಕ್ಕ ವಿಷಯವಾಗಿ ಉಳಿಯುವುದಿಲ್ಲ.

ಉಳಿದ ವ್ಯವಸ್ಥೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊರಡುವ ಜಾಗ ಒಂದು, ತಲುಪುವ ಜಾಗ ಇನ್ನೊಂದು, ಆದ್ದರಿಂದ ವಾಹನವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸುವವರಿಗೆ ದುಡ್ಡು ಕೊಡಬೇಕು. ರಾತ್ರಿ ತಂಗಲು ನದಿಯುದ್ದಕ್ಕೂ ಗೊತ್ತುಪಡಿಸಿದ ಜಾಗಗಳಿವೆ, ಮೊದಲು ಬಂದವರಿಗೆ ಮೊದಲು. ಮೊಬೈಲ್ ನಂಬುವಂತಿಲ್ಲ. ಯಾವ ದಿನ ಎಲ್ಲಿರುತ್ತೇವೆ, ಯಾವ ದಿನಾಂಕದವರೆಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಬೇಕು. ಜೂನ್‌ನಲ್ಲೂ ನೀರು ತಣ್ಣಗಿರುತ್ತದೆ. ಬಿದ್ದ ಕೂಡಲೇ ಉಸಿರು ಹಿಡಿದುಕೊಂಡು ಕೈಕಾಲು ಮಾತು ಕೇಳುವುದಿಲ್ಲ, ಈಜು ಬಲ್ಲವರಿಗೂ. ಆದ್ದರಿಂದ ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷದ ಆಹಾರ ಮೇಳದಲ್ಲಿ ನಾವಿಬ್ಬರೂ ನಿಂಬೆ ಶರಬತ್ತಿನ ಸ್ಟಾಲ್ ಹಾಕಿದ್ದೆವು. ಕೆಲವರಿಗೆ ನೆನಪಿರಬಹುದು, ಸಬ್ಜಾ ಹಾಕಿದ ಹಸಿರು ಶರಬತ್ತು. ನಾನು 1,200 ರೂಪಾಯಿ ಹಾಕಿದೆ, ಅವನು 400. ಆದರೆ ನಿಂಬೆ ಹಿಂಡಿದ್ದು, ಐಸ್ ಹೊತ್ತದ್ದು, ಬಿಸಿಲಿನಲ್ಲಿ ನಿಂತು ಕೂಗಿದ್ದು ಹೆಚ್ಚಾಗಿ ಅವನೇ. ಸಂಜೆ 2,300 ರೂಪಾಯಿ ಇತ್ತು. ಹಾಕಿದ್ದನ್ನು ತೆಗೆದರೆ 700 ಲಾಭ. ನಾನು ಬಂಡವಾಳದ ಪ್ರಮಾಣದಲ್ಲಿ, ಅಂದರೆ 3:1ರಂತೆ ಹಂಚಿ, 525 ಇಟ್ಟುಕೊಂಡು ಅವನಿಗೆ 175 ಕೊಟ್ಟೆ. ನನಗೆ ಅದು ನ್ಯಾಯ ಎಂದೇ ಅನ್ನಿಸಿತ್ತು. ಅವನು ಏನೂ ಹೇಳಲಿಲ್ಲ. ಆಮೇಲೆ ಎರಡು ತಿಂಗಳು ಏನೂ ಹೇಳಲಿಲ್ಲ. ಒಂದೇ ಬೆಂಚು, ಒಂದೇ ಬಸ್ಸು, ಸಲಾಂ ಬಿಟ್ಟರೆ ಮಾತಿಲ್ಲ.

ಈ ವರ್ಷ ಕಾಲೇಜು ಶುರುವಾದ ಮೇಲೆ ಪಾಲುದಾರಿಕೆಯ ಅಧ್ಯಾಯ ಬಂತು. ಪಾಲುದಾರರ ನಡುವೆ ಒಪ್ಪಂದ ಪತ್ರ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬಂಡವಾಳ ಎಷ್ಟೇ ಇರಲಿ ಲಾಭ ಸಮಪಾಲು. ಬಂಡವಾಳದ ಮೇಲೆ ಬಡ್ಡಿ ಇಲ್ಲ, ದುಡಿದದ್ದಕ್ಕೆ ಸಂಬಳ ಇಲ್ಲ. ಲೆಕ್ಚರರ್ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಅವನೂ ನೋಡಲಿಲ್ಲ ಎಂದುಕೊಂಡಿದ್ದೇನೆ. ಆ ದಿನದ ಲೆಕ್ಕದಂತೆ ಅವನಿಗೆ 350 ಬರಬೇಕಿತ್ತು. ನಾನು 175 ರೂಪಾಯಿ ಬಾಕಿ ಇದ್ದೆ.

ಇದನ್ನು ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಬರೆಯಲು ಕಾರಣವೂ ಇದೆ. ದೋಣಿ ಪ್ರಯಾಣದ ಯೋಜನೆಯಲ್ಲಿ ಕಷ್ಟದ ಭಾಗ ಟೆಂಟ್, ಊಟ, ನಕ್ಷೆ ಅಲ್ಲ, ಅವೆಲ್ಲ ಪಟ್ಟಿ ನೋಡಿ ಮಾಡಬಹುದು. ಕಷ್ಟವಾದದ್ದು ಇನ್ನೊಬ್ಬನ ಜೊತೆಗಿನ ಒಪ್ಪಂದ. ಅಂಗಡಿಯಲ್ಲಿ ಮನಸ್ತಾಪವಾದರೆ ಮನೆಗೆ ಹೋಗಬಹುದು. ದೋಣಿಯಲ್ಲಿ ಇಬ್ಬರ ನಡುವೆ ಹೆಚ್ಚು ದೂರವೂ ಇಲ್ಲ, ಹತ್ತು ದಿನ ಇಳಿದು ಹೋಗಲು ಊರೂ ಇಲ್ಲ.

ಕನೂದಲ್ಲಿ ಇಬ್ಬರ ಕೆಲಸ ಒಂದೇ ಅಲ್ಲ. ಹಿಂದೆ ಕುಳಿತವನು ದಿಕ್ಕು ಹಿಡಿಯುತ್ತಾನೆ. ಮುಂದೆ ಕುಳಿತವನು ಬಲ ಕೊಡುತ್ತಾನೆ, ನೀರಿನೊಳಗಿನ ಬಂಡೆಯನ್ನು ಮೊದಲು ಕಂಡು ಕೂಗಿ ಹೇಳುತ್ತಾನೆ. ಹಿಂದಿನವನು ಅವನ ಮಾತನ್ನು ನಂಬಬೇಕು, ಏಕೆಂದರೆ ಅವನಿಗೆ ಕಾಣುವುದು ಮುಂದಿನವನ ಬೆನ್ನು. ಫ್ಲೈ ಎಸೆಯುವಾಗ ಇದು ಇನ್ನೂ ಹೆಚ್ಚು. ದಾರ ಹಿಂದಕ್ಕೆ ಹಾರುತ್ತದೆ ಎಂದು ಹೇಳಿದೆನಲ್ಲ, ಹಿಂದೆ ಇರುವುದು ಗೆಳೆಯನ ಮುಖ. ಹಾಗಾಗಿ ಒಂದು ಹೊತ್ತಿಗೆ ಒಬ್ಬನೇ ಎಸೆಯಬೇಕು. ಬಲಗೈಯವನು ಮುಂದೆ ಕುಳಿತರೆ ದಾರ ದೋಣಿಯ ಬಲಬದಿಯ ಹೊರಗೆ ಹಾರುವಂತೆ ಹಿಂದಿನವನು ದೋಣಿಯನ್ನು ಓರೆಯಾಗಿ ನಿಲ್ಲಿಸಿಕೊಡಬೇಕು. ಇಬ್ಬರಿಗೂ ಟೋಪಿ ಮತ್ತು ಕನ್ನಡಕ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಮೀನಿನ ಬಾಯಿಂದಲೂ ಸುಲಭವಾಗಿ ಬರುತ್ತದೆ, ಕಿವಿಯಿಂದಲೂ. ಅಂದರೆ ಒಬ್ಬನು ಮೀನು ಹಿಡಿಯುವಷ್ಟು ಹೊತ್ತು ಇನ್ನೊಬ್ಬನು ಹಿಡಿಯುವುದಿಲ್ಲ, ದೋಣಿ ಹಿಡಿದುಕೊಂಡಿರುತ್ತಾನೆ. ಮೀನು ಎತ್ತಿದವನ ಫೋಟೋ ಬರುತ್ತದೆ, ದೋಣಿ ಹಿಡಿದವನದು ಬರುವುದಿಲ್ಲ. ಈ ಸಾಲು ಲೆಡ್ಜರ್‌ನಲ್ಲಿ ಬರೆದದ್ದು ಗೆಳೆಯ. ನಾನು ಏನೂ ಹೇಳಲಿಲ್ಲ, ನಿಂಬೆಹಣ್ಣು ನೆನಪಾಯಿತು.

ನಮ್ಮ ಒಪ್ಪಂದ ಪತ್ರದಲ್ಲಿ ಈಗ ಎರಡು ಪುಟಗಳಿವೆ. ಗಾಳ ಗಂಟೆಗೊಮ್ಮೆ ಕೈ ಬದಲಾಗಬೇಕು, ಮೀನು ಕಚ್ಚುತ್ತಿರಲಿ ಬಿಡಲಿ. ಹಣ ಯಾರು ಎಷ್ಟೇ ಹಾಕಿದರೂ ಗಂಟೆ ಸಮಪಾಲು. ಮುಂದೆ ಹೋಗುವುದೋ ನಿಲ್ಲುವುದೋ ಎಂಬುದರಲ್ಲಿ ಒಬ್ಬ ಬೇಡ ಎಂದರೆ ಬೇಡ, ಕಾರಣ ಕೇಳುವಂತಿಲ್ಲ, ಹಂಗಿಸುವಂತಿಲ್ಲ. ಇದಕ್ಕೆ ಬಹಳ ಚರ್ಚೆಯಾಯಿತು. ಬಹುಮತ ಎಂಬುದು ಇಬ್ಬರಲ್ಲಿ ಸಾಧ್ಯವಿಲ್ಲವಲ್ಲ. ಧೈರ್ಯವಂತನ ಮಾತು ನಡೆಯಬೇಕು ಎಂದು ಅವನು, ಹೆದರಿದವನ ಮಾತು ನಡೆಯಬೇಕು ಎಂದು ನಾನು. ಧೈರ್ಯವಂತ ತಪ್ಪಿದರೆ ಇಬ್ಬರೂ ಮುಳುಗುತ್ತಾರೆ, ಹೆದರಿದವನು ತಪ್ಪಿದರೆ ಅರ್ಧ ದಿನ ಹೋಗುತ್ತದೆ ಅಷ್ಟೇ ಎಂದು ಲೆಕ್ಕ ತೋರಿಸಿದ ಮೇಲೆ ಒಪ್ಪಿದ.

ಇನ್ನೊಂದು ಕಲಮು ಥೋರೋ ಅವರಿಂದ ಬಂದದ್ದು. ಹಿಂತಿರುಗುವ ದಾರಿಯಲ್ಲಿ, ವೆಬ್‌ಸ್ಟರ್ ಎಂಬ ರಭಸದ ತೊರೆಯಲ್ಲಿ, ಜೋ ಪೋಲಿಸ್ ಒಬ್ಬರೇ ದೋಣಿ ಇಳಿಸುತ್ತಿದ್ದರು, ಇವರಿಬ್ಬರು ದಡದಲ್ಲಿ ನಡೆಯುತ್ತಿದ್ದರು. ಹೋರ್ ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕಾಲೂ ನೋಯುತ್ತಿತ್ತು. ಥೋರೋ ಸ್ವಲ್ಪ ಮುಂದೆ ಹೋಗಿ ತಿರುಗಿ ಬರುವಷ್ಟರಲ್ಲಿ ಗೆಳೆಯ ಕಾಣಲಿಲ್ಲ. ಕೂಗಿದರು, ಹುಡುಕಿದರು, ಕತ್ತಲಾಯಿತು. ಕತ್ತಲಲ್ಲಿ ಹುಡುಕುವುದರಿಂದ ಪ್ರಯೋಜನವಿಲ್ಲ ಎಂದು ಪೋಲಿಸ್ ತಡೆದರು. ಮರುದಿನ ಬೆಳಗ್ಗೆ ತೊರೆಯ ಕೆಳಭಾಗದಲ್ಲಿ ಹೋರ್ ಸುರಕ್ಷಿತವಾಗಿ ಸಿಕ್ಕಿದರು. ಇದಕ್ಕೂ ಮೊದಲು ಒಂದು ಪೋರ್ಟೇಜ್‌ನಲ್ಲಿ ಇಬ್ಬರೂ ಒಟ್ಟಿಗೆ ದಾರಿ ತಪ್ಪಿ ಕೆಸರಿನಲ್ಲಿ ಅಲೆದಿದ್ದರು. ಅಷ್ಟು ಓದಿದವರು, ಅಷ್ಟು ತೂಕಮಾಡಿ ಪಟ್ಟಿ ಬರೆದವರು, ಬೇರೆಯಾದರೆ ಎಲ್ಲಿ ಕಾಯಬೇಕು ಎಂದು ಮೊದಲೇ ಮಾತಾಡಿಕೊಂಡಿರಲಿಲ್ಲವೇನೋ. ನಮ್ಮ ಕಲಮು ಹೀಗಿದೆ: ಕಾಣದಾದರೆ ಮುಂದಿದ್ದವನು ನಿಂತಲ್ಲೇ ನಿಲ್ಲಬೇಕು, ಹಿಂದಿದ್ದವನು ನೀರಿನ ಪಕ್ಕಕ್ಕೆ ಬರಬೇಕು, ಮೂರು ಸಲ ಸೀಟಿ. ಸೀಟಿ ಇಬ್ಬರ ಕೊರಳಲ್ಲೂ ಇರಬೇಕು, ಚೀಲದಲ್ಲಿ ಅಲ್ಲ.

ಒಂದು ಸಾಲು ಮಾತ್ರ ಇನ್ನೂ ಖಾಲಿ ಇದೆ. ಚರ್ಚಿಲ್ ಅಣೆಕಟ್ಟಿನ ಕೆಳಗೆ ಚೇಸ್ ರಾಪಿಡ್ಸ್ ಎಂಬ ಭಾಗವಿದೆ, ಕೆಲವು ಮೈಲಿ ಬಂಡೆ ಮತ್ತು ಬಿಳಿ ನೊರೆ. ಅಲ್ಲಿನ ರೇಂಜರ್‌ಗಳು ಶುಲ್ಕ ಪಡೆದು ನಿಮ್ಮ ಚೀಲಗಳನ್ನು ವಾಹನದಲ್ಲಿ ಕೆಳಗೆ ತಲುಪಿಸುತ್ತಾರೆ, ದೋಣಿ ಮಗುಚಿದರೆ ಸಾಮಾನಾದರೂ ಉಳಿಯಲಿ ಎಂದು. ನೀವು ಖಾಲಿ ದೋಣಿಯಲ್ಲಿ ಇಳಿಯಬಹುದು. ಇಳಿಯಬೇಕೆಂದು ಅವನ ಆಸೆ. ಅವನು ಬಾವಿಯಲ್ಲಿ ಈಜು ಕಲಿತವನು. ನಮ್ಮದೇ ಕಲಮಿನ ಪ್ರಕಾರ ನಾನು ಬೇಡ ಎಂದರೆ ಮುಗಿಯಿತು, ಆದರೆ ಊರಿನಲ್ಲಿ ಕುಳಿತು ಬೇಡ ಎನ್ನಲು ನನಗೂ ಮನಸ್ಸಿಲ್ಲ. ಪೆನ್ಸಿಲಿನಲ್ಲಿ ‘ಈಜು ಬಂದ ಮೇಲೆ’ ಎಂದು ಬರೆದಿದ್ದೇವೆ. ಕಲಿಸುವುದು ಅವನ ಪಾಲು.

ರಜೆಯ ಕೊನೆಯ ದಿನ ನಾನು 175 ರೂಪಾಯಿ ಎಣಿಸಿ ಅವನ ಮುಂದೆ ಇಟ್ಟೆ. ಅವನು ನೋಟುಗಳನ್ನು ನೋಡಿ, ಲೆಡ್ಜರ್ ಎಳೆದುಕೊಂಡು, ದೋಣಿ ಖಾತೆಯ ಮೊದಲ ಸಾಲಿನಲ್ಲಿ ಬರೆದ: ಆರಂಭಿಕ ಶಿಲ್ಕು, ರೂ. 175.